ಖಾತರಿಯ ಗಡಿಯಾರ, ಗಡುವಿಲ್ಲದ ರಿಪೇರಿ

ಕೈಗಡಿಯಾರವನ್ನು ಮಾರುವ ವರ್ತಕನು ಗಿರಾಕಿಯ ಕೈಗೆ ಎರಡು ವಸ್ತುಗಳನ್ನು ಕೊಡುತ್ತಾನೆ. ಒಂದು ಗಡಿಯಾರ, ಇನ್ನೊಂದು ಖಾತರಿ ಚೀಟಿ. ಎಷ್ಟು ವರ್ಷಗಳ ಖಾತರಿ ಎಂಬುದು ಆ ಚೀಟಿಯಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಗಾಜು, ಪಟ್ಟಿ, ಸೆಲ್ಲು, ನೀರು ಹೊಕ್ಕ ದೋಷ ಮೊದಲಾದವುಗಳಿಗೆ ಖಾತರಿ ಅನ್ವಯಿಸದೆಂಬುದು ಸಣ್ಣ ಅಕ್ಷರಗಳಲ್ಲಿರುತ್ತದೆ. ಆದರೆ ಕೆಟ್ಟ ಗಡಿಯಾರವನ್ನು ಒಪ್ಪಿಸಿದ ತರುವಾಯ ಅದನ್ನು ಎಷ್ಟು ದಿನಗಳೊಳಗಾಗಿ ನೆಟ್ಟಗೆ ಮಾಡಿ ಹಿಂದಿರುಗಿಸಲಾಗುವುದೆಂಬ ಮಾತನ್ನು ದಪ್ಪ ಅಕ್ಷರಗಳಲ್ಲಿ ಹುಡುಕಿದರೂ ಸಣ್ಣ ಅಕ್ಷರಗಳಲ್ಲಿ ಹುಡುಕಿದರೂ ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಕಾಲವನ್ನು ಅಳೆಯುವುದೇ ಕಸುಬಾಗಿರುವ ಮಹನೀಯರು ತಮ್ಮ ಕರಾರಿನಲ್ಲಿ ಕಾಲವೊಂದನ್ನು ಮಾತ್ರ ಮರೆತಿರುವುದು ವಿಚಿತ್ರವೇ ಸರಿ.

ಇದು ಕ್ಷುಲ್ಲಕ ವಿಷಯವೆಂದು ಭಾವಿಸುವ ವಾಚಕರು ಇರಬಹುದು. ಎಲ್ಲರ ಜೇಬಿನಲ್ಲಿಯೂ ದೂರವಾಣಿ ಯಂತ್ರವಿದ್ದು ಅದೇ ಗಂಟೆ ಹೇಳುವ ಈ ದಿನಗಳಲ್ಲಿ ಕೈಗಡಿಯಾರ ಎರಡು ತಿಂಗಳು ಇಲ್ಲದಿದ್ದರೆ ನಷ್ಟವೇನೆಂದು ಅವರು ಕೇಳಬಹುದು. ನಷ್ಟ ಗಂಟೆ ತಿಳಿಯದಿರುವುದರಲ್ಲಿಲ್ಲ. ಹಣ ತೆತ್ತು ಕೊಂಡ ವಸ್ತುವೊಂದು ಕೊಂಡವನ ಸ್ವಾಧೀನದಲ್ಲಿರದೆ ಮಾರಿದವನ ಕಪಾಟಿನಲ್ಲಿರುತ್ತದೆ. ಅದು ಅಲ್ಲಿರುವಷ್ಟು ಕಾಲವೂ ಖಾತರಿಯ ಅವಧಿ ಕರಗುತ್ತಲೇ ಇರುತ್ತದೆ. ಇಪ್ಪತ್ತನಾಲ್ಕು ತಿಂಗಳ ಖಾತರಿಯುಳ್ಳ ಗಡಿಯಾರವೊಂದು ಮೂರು ಸಲ ಕೆಟ್ಟು, ಸಲಕ್ಕೆ ಎರಡು ತಿಂಗಳಂತೆ ರಿಪೇರಿಯಲ್ಲಿ ಕುಳಿತಿತೆಂದು ಲೆಕ್ಕ ಹಿಡಿಯೋಣ. ಖಾತರಿಯ ಕಾಲು ಭಾಗವನ್ನು ಆ ಗಡಿಯಾರ ಯಾರ ಕೈಯಲ್ಲಿಯೂ ಇರದೆ ಕಳೆದಂತಾಯಿತು. ಅವಧಿ ಮುಗಿದ ಮರುದಿನ ನಾಲ್ಕನೆಯ ಸಲ ನಿಂತರೆ ಕೊಂಡವನು ಪುನಃ ಹಣ ಬಿಚ್ಚಬೇಕು. ಇಂತಹ ಲೆಕ್ಕ ಹೊಲಿಗೆಯಂತ್ರಕ್ಕೂ ಪಂಪುಸೆಟ್ಟಿಗೂ ಸಲ್ಲುತ್ತದೆ. ಗಡಿಯಾರದಲ್ಲಿ ಅದು ಹೆಚ್ಚು ನಿಚ್ಚಳವಾಗಿ ಕಾಣುವುದರಿಂದ ಅದನ್ನು ಕುರಿತು ಬರೆಯುತ್ತಿದ್ದೇವೆ.

ಈಗಲೇ ಬರೆಯಲು ಇನ್ನೊಂದು ಕಾರಣವುಂಟು. ಸ್ವಿಟ್ಸರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಖ್ಟನ್‌ಸ್ಟೈನ್ ಎಂಬ ನಾಲ್ಕು ದೇಶಗಳೊಡನೆ ಭಾರತ ಸರ್ಕಾರದವರು ೨೦೨೪ನೆಯ ಮಾರ್ಚ್ ೧೦ರಂದು ಸಹಿ ಮಾಡಿದ ವ್ಯಾಪಾರ ಒಪ್ಪಂದವು ೨೦೨೫ನೆಯ ಅಕ್ಟೋಬರ್ ೧ರಿಂದ ಜಾರಿಗೆ ಬಂದಿದೆ. ಸ್ವಿಸ್ ಗಡಿಯಾರಗಳ ಮೇಲಿನ ಆಮದು ಸುಂಕ ಇದರಿಂದ ಹಂತಹಂತವಾಗಿ ಇಳಿಯುವುದು. ಸುಂಕ ಇಳಿದರೆ ಸರಕು ಹೆಚ್ಚಾಗಿ ಬರುವುದು. ಇದುವರೆಗೆ ಅಂಗಡಿಯ ಗಾಜಿನಾಚೆಯಿಂದ ಮಾತ್ರ ನೋಡುತ್ತಿದ್ದ ಮಧ್ಯಮ ವರ್ಗದ ಗೃಹಸ್ಥನೂ ಒಂದನ್ನು ಕೊಂಡಾನು. ಒಳ್ಳೆಯದೇ. ಆದರೆ ಬರುವ ಗಡಿಯಾರಗಳ ಸಂಖ್ಯೆ ಹೆಚ್ಚಿದಂತೆ ಅವನ್ನು ಬಿಚ್ಚಿ ಜೋಡಿಸಬಲ್ಲ ಕೈಗಳೂ ಹೆಚ್ಚಬೇಡವೇ? ಸುಂಕದ ವಿಷಯದಲ್ಲಿ ಇಷ್ಟು ದೀರ್ಘವಾಗಿ ಚರ್ಚಿಸಿದವರು ರಿಪೇರಿಯ ವಿಷಯದಲ್ಲಿ ಏನು ಯೋಚಿಸಿದ್ದಾರೆಂಬುದೇ ನಮ್ಮ ಪ್ರಶ್ನೆ.

ನ್ಯಾಯವಾಗಿ ಮಾತನಾಡಬೇಕಾದರೆ, ರಿಪೇರಿಗೆ ಸ್ವಲ್ಪ ಕಾಲ ಬೇಕೆಂಬುದನ್ನು ಮೊದಲು ಒಪ್ಪಬೇಕು. ಕೀಲಿಯಿಂದಲೋ ಮಣಿಕಟ್ಟಿನ ಚಲನೆಯಿಂದಲೋ ನಡೆಯುವ ಸಾಮಾನ್ಯ ಯಾಂತ್ರಿಕ ಗಡಿಯಾರದಲ್ಲಿ ನೂರಕ್ಕೆ ಮೇಲ್ಪಟ್ಟು ಬಿಡಿಭಾಗಗಳಿರುತ್ತವೆ. ಇಂದಿನ ಅನೇಕ ಗಡಿಯಾರಗಳ ತೂಗುಚಕ್ರ ಗಂಟೆಗೆ ೨೮,೮೦೦ ಸಲ, ಅಂದರೆ ಸೆಕೆಂಡಿಗೆ ಎಂಟು ಸಲ, ಮಿಡಿಯುತ್ತದೆ. ಅದನ್ನು ಸಂಪೂರ್ಣವಾಗಿ ಬಿಚ್ಚಿ, ಚಕ್ರಗಳನ್ನೂ ತಟ್ಟೆಗಳನ್ನೂ ತೊಳೆದು, ಸವೆದುದನ್ನು ಬದಲಾಯಿಸಿ, ಕಲ್ಲುಗಳಿಗೆ ಸೂಜಿಮೊನೆಯಷ್ಟು ಎಣ್ಣೆಯಿಟ್ಟು, ಪುನಃ ಜೋಡಿಸುವುದು ನುರಿತ ಕೆಲಸಗಾರನಿಗೆ ಹಲವು ಗಂಟೆಗಳ ಕೆಲಸ. ಆಮೇಲೆ ಅದನ್ನು ಮಲಗಿಸಿ, ನಿಲ್ಲಿಸಿ, ಮುಖ ಮೇಲಾಗಿಟ್ಟು, ಮುಖ ಕೆಳಗಾಗಿಟ್ಟು ಓಟವನ್ನು ಪರೀಕ್ಷಿಸಬೇಕು. ನೀರು ತಡೆಯುವುದೋ ಇಲ್ಲವೋ ಒತ್ತಡವಿಟ್ಟು ನೋಡಬೇಕು. ಮೂರು ದಿನಕ್ಕೊಮ್ಮೆ ನಿಲ್ಲುವ ಚಾಳಿಯ ಗಡಿಯಾರವನ್ನು ಮೂರು ದಿನಕ್ಕಿಂತ ಮೊದಲೇ ಗುಣವಾಯಿತೆನ್ನಲು ಯಾವ ಪ್ರಾಮಾಣಿಕ ಕೆಲಸಗಾರನಿಗೂ ಸಾಧ್ಯವಿಲ್ಲ. ಆದ್ದರಿಂದ ಎಂಟು ಹತ್ತು ದಿನಗಳು ಹಿಡಿದರೆ ಯಾರೂ ಆಕ್ಷೇಪಿಸಲಾರರು. ಸೆಲ್ಲಿನಿಂದ ನಡೆಯುವ ಗಡಿಯಾರಕ್ಕೆ ಅಷ್ಟೂ ಬೇಡ. ಅನೇಕ ವೇಳೆ ಒಳಗಣ ಯಂತ್ರವನ್ನು ಇಡಿಯಾಗಿ ತೆಗೆದು ಬೇರೊಂದನ್ನು ಕೂರಿಸುವುದೇ ಅದರ ರಿಪೇರಿ.

ಹಾಗಾದರೆ ತಿಂಗಳುಗಳು ಹೇಗೆ ಕಳೆಯುತ್ತವೆ? ಕೊಂಡವನು ಅಂಗಡಿಗೆ ಕೊಡುತ್ತಾನೆ. ಅಂಗಡಿಯವನು ಇನ್ನೂ ನಾಲ್ಕು ಬರಲೆಂದು ಕಾದು, ಎಲ್ಲವನ್ನೂ ಒಟ್ಟಿಗೆ ದೊಡ್ಡ ನಗರದ ಸರ್ವಿಸ್ ಸೆಂಟರಿಗೆ ಕಳುಹಿಸುತ್ತಾನೆ. ಅಲ್ಲಿ ಅದು ತನ್ನ ಸರದಿಗಾಗಿ ಕಾಯುತ್ತದೆ. ಸರದಿ ಬಂದ ದಿನ ತೆರೆದು ನೋಡಿ, ದೋಷ ಖಾತರಿಗೆ ಒಳಪಡುವುದೋ ಇಲ್ಲವೋ ಎಂದು ತೀರ್ಮಾನಿಸಿ, ಬೇಕಾದ ಬಿಡಿಭಾಗ ದಾಸ್ತಾನಿನಲ್ಲಿಲ್ಲವೆಂದು ಕಂಡುಹಿಡಿಯುತ್ತಾರೆ. ಬಿಡಿಭಾಗ ಸಮುದ್ರದಾಚೆಯಿಂದ ಬರಬೇಕು; ಕೆಲವು ವೇಳೆ ಗಡಿಯಾರವೇ ಸಮುದ್ರದಾಚೆಗೆ ಹೋಗಬೇಕು. ಹಿಂದಿರುಗುವಾಗ ಇದೇ ದಾರಿ, ಇವೇ ಕಟ್ಟೆಗಳು. ಕೆಲಸಗಾರನ ಚಿಮಟ ಅದನ್ನು ಮುಟ್ಟಿದ್ದು ಒಂದು ದಿನವಾದರೆ, ಅದು ಯಾವುದೋ ಲಕೋಟೆಯಲ್ಲಿ ಮಲಗಿದ್ದು ಐವತ್ತು ದಿನ. ಈ ನಡುವೆ ಗಿರಾಕಿ ವಿಚಾರಿಸಲು ಹೋದರೆ ದೊರೆಯುವ ಉತ್ತರ ಒಂದೇ: ಮುಂದಿನ ವಾರ ಬನ್ನಿ. ದೆವ್ವವನ್ನು ಹಿಂದಕ್ಕೆ ಕಳುಹಿಸಲು ನಮ್ಮ ಜನ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದುದುಂಟು. ಹಣ ಕೊಟ್ಟ ಗಿರಾಕಿಯನ್ನು ಆ ಸಾಲಿಗೆ ಸೇರಿಸಿದುದು ಈ ಕಾಲದ ಸುಧಾರಣೆ.

ಈ ಕಸುಬಿನಲ್ಲಿ ಕೈಗಳೇ ಕಡಮೆಯಾಗಿವೆಯೆಂದು ಕಂಪೆನಿಗಳವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ೧೯೭೦ರ ದಶಕದಲ್ಲಿ ಸೆಲ್ಲಿನ ಗಡಿಯಾರಗಳು ಬಂದಾಗ ಸ್ವಿಟ್ಸರ್ಲೆಂಡಿನ ಕಸುಬು ಬುಡಮೇಲಾಯಿತು. ೧೯೭೦ರಲ್ಲಿ ಸುಮಾರು ೯೦,೦೦೦ ಮಂದಿಗೆ ಅನ್ನ ನೀಡುತ್ತಿದ್ದ ಆ ಉದ್ಯಮದಲ್ಲಿ ಒಂದೂವರೆ ದಶಕದ ಮೇಲೆ ಉಳಿದವರು ೩೦,೦೦೦ಕ್ಕೆ ತುಸು ಮೇಲ್ಪಟ್ಟು ಮಾತ್ರ. ಒಂದು ತಲೆಮಾರು ಈ ವಿದ್ಯೆಯನ್ನು ಕಲಿಯಲೇ ಇಲ್ಲ. ಆಮೇಲೆ ಯಾಂತ್ರಿಕ ಗಡಿಯಾರವು ಭೋಗವಸ್ತುವಾಗಿ ಮರಳಿ ಬಂದಾಗ ಮಾರುವವರು ಬೇಕಾದಷ್ಟಿದ್ದರು, ಬಿಚ್ಚಬಲ್ಲವರು ವಿರಳವಾಗಿದ್ದರು.

ನಮ್ಮ ನಾಡಿನ ಕಥೆ ಇದಕ್ಕಿಂತ ಭಿನ್ನವಾಗಿ ಆರಂಭವಾಗಿ ಅಲ್ಲಿಗೇ ಬಂದು ನಿಂತಿದೆ. ಬೆಂಗಳೂರಿನಲ್ಲಿ ೧೯೬೧ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಹಿಂದೂಸ್ತಾನ್ ಮೆಷಿನ್ ಟೂಲ್ಸಿನವರ ಗಡಿಯಾರ ಕಾರ್ಖಾನೆ ತೆರೆಯಿತು. ಹದಿನೇಳು ಕಲ್ಲಿನ ಕೀಲಿ ಗಡಿಯಾರ 'ಜನತಾ' ಶಾಲಾ ಮಾಸ್ತರರ ಕೈಯಲ್ಲಿಯೂ ರೈಲ್ವೆ ಗುಮಾಸ್ತರ ಕೈಯಲ್ಲಿಯೂ ಮದುವೆಯ ಉಡುಗೊರೆಯಾಗಿ ಮೆರೆಯಿತು. ಅದು ಕೆಟ್ಟರೆ ಬಸ್ ನಿಲ್ದಾಣದ ಪಕ್ಕದ ಗಾಜಿನ ಪೆಟ್ಟಿಗೆಯಂಗಡಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಂಜೆಯೊಳಗೆ ನಡೆಸಿಕೊಡುತ್ತಿದ್ದನು. ಯಂತ್ರದ ಮರ್ಮ ಊರೂರಿಗೂ ಗೊತ್ತಿತ್ತು. ಬಿಡಿಭಾಗಗಳು ಪೇಟೆಯಲ್ಲಿ ಸಿಕ್ಕುತ್ತಿದ್ದವು. ೨೦೧೬ನೆಯ ಜನವರಿಯಲ್ಲಿ ಕೇಂದ್ರ ಸಚಿವ ಸಮಿತಿಯವರು ಆ ಗಡಿಯಾರದ ಕಂಪೆನಿಯನ್ನು ಮುಚ್ಚಲು ಅನುಮತಿಯಿತ್ತರು. ಕಾರ್ಖಾನೆ ಮುಚ್ಚಿದುದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಷ್ಟದ ಲೆಕ್ಕ ಎಲ್ಲರಿಗೂ ತಿಳಿದದ್ದೇ. ಆದರೆ ಅದರೊಡನೆ ಒಂದು ತೆರೆದ ವಿದ್ಯೆಯ ಆಶ್ರಯವೂ ತಪ್ಪಿತು. ಹೊಸೂರಿನಲ್ಲಿ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ಮುಖ್ಯ ಕಛೇರಿಯನ್ನೂ ಇಟ್ಟಿರುವ ದೇಶದ ದೊಡ್ಡ ಗಡಿಯಾರ ಕಂಪೆನಿ ನಮ್ಮ ನೆರೆಯಲ್ಲಿಯೇ ಇದೆ. ಹೀಗಿರುವಾಗ ಕೈಕಸುಬನ್ನು ಕಲಿಸುವವರು ಈ ಸೀಮೆಯಲ್ಲಿ ಇಲ್ಲವೆನ್ನುವ ಮಾತನ್ನು ನಾವು ಒಪ್ಪಲಾರೆವು.

ಕೈಗಳ ಕೊರತೆಗಿಂತ ದೊಡ್ಡ ಕೊರತೆ ಬಿಡಿಭಾಗಗಳದು. ಇದು ಬಹುಮಟ್ಟಿಗೆ ಮಾನವನಿರ್ಮಿತ. ದೊಡ್ಡ ತಯಾರಕರಲ್ಲಿ ಅನೇಕರು ತಮ್ಮ ಬಿಡಿಭಾಗಗಳನ್ನು ತಾವು ಒಪ್ಪಿದ ಸರ್ವಿಸ್ ಸೆಂಟರುಗಳ ಹೊರತು ಬೇರಾರಿಗೂ ಮಾರುವುದಿಲ್ಲ. ಇದರ ವಿರುದ್ಧ ಯೂರೋಪಿನ ಸ್ವತಂತ್ರ ರಿಪೇರಿಗಾರರ ಸಂಘಗಳ ಒಕ್ಕೂಟವು ೨೦೦೪ರಲ್ಲಿ ಯೂರೋಪಿಯನ್ ಆಯೋಗದ ಮುಂದೆ ದೂರಿತ್ತಿತು. ಆಯೋಗ ೨೦೦೮ರಲ್ಲಿ ತಳ್ಳಿಹಾಕಿತು. ಆ ತಳ್ಳಿಕೆ ಸರಿಯಲ್ಲವೆಂದು ೨೦೧೦ರಲ್ಲಿ ನ್ಯಾಯಾಲಯ ಹೇಳಿತು. ಆಯೋಗ ೨೦೧೪ರಲ್ಲಿ ಪುನಃ ತಳ್ಳಿಹಾಕಿತು. ಈ ಸಲ ೨೦೧೭ನೆಯ ಅಕ್ಟೋಬರಿನಲ್ಲಿ ನ್ಯಾಯಾಲಯವು ಆಯೋಗದ ಪಕ್ಷವನ್ನೇ ಎತ್ತಿಹಿಡಿಯಿತು. ಹದಿಮೂರು ವರ್ಷಗಳ ವ್ಯಾಜ್ಯ. ಸ್ವಿಟ್ಸರ್ಲೆಂಡಿನಲ್ಲಿಯೇ ಸ್ವಾಚ್ ಸಮೂಹದ ಯಂತ್ರಭಾಗಗಳನ್ನು ಅವಲಂಬಿಸಿದ್ದ ಇತರ ತಯಾರಕರು ತಮಗೆ ಸರಬರಾಜು ನಿಂತೀತೆಂದು ಗಾಬರಿಗೊಂಡಾಗ ಅಲ್ಲಿಯ ಸ್ಪರ್ಧಾ ಆಯೋಗವು ೨೦೧೩ರಲ್ಲಿ ನಡುವೆ ಪ್ರವೇಶಿಸಿ, ಸರಬರಾಜನ್ನು ೨೦೧೯ರವರೆಗೆ ಮೆಲ್ಲಮೆಲ್ಲನೆ ಮಾತ್ರ ಇಳಿಸಬೇಕೆಂದು ಗೊತ್ತುಪಡಿಸಬೇಕಾಯಿತು. ತಯಾರಕ ತಯಾರಕರ ನಡುವೆಯೇ ಇಂತಹ ಎಳೆದಾಟವಿರುವಲ್ಲಿ ಧಾರವಾಡದ ಒಬ್ಬ ವಕೀಲರ ಗಡಿಯಾರದ ತಿರುಪಿಗಾಗಿ ಯಾರು ತಲೆ ಕೆಡಿಸಿಕೊಂಡಾರು?

ಈಗ ಕರಾರಿನ ಎರಡು ಮುಖಗಳನ್ನು ಒಟ್ಟಿಗಿಟ್ಟು ನೋಡಬೇಕು. ಖಾತರಿಯ ಅವಧಿಯಲ್ಲಿ ನಮ್ಮವರ ಹೊರತು ಬೇರೆಯವರು ಗಡಿಯಾರದ ಬೆನ್ನು ತೆರೆಯಕೂಡದು, ತೆರೆದರೆ ಖಾತರಿ ರದ್ದು ಎಂದು ತಯಾರಕನು ಷರತ್ತು ಹಾಕುತ್ತಾನೆ. ಸೂಕ್ಷ್ಮ ಯಂತ್ರವಾದ್ದರಿಂದ ಈ ಷರತ್ತಿಗೆ ಅರ್ಥವಿದೆಯೆಂದು ಇಟ್ಟುಕೊಳ್ಳೋಣ. ಆದರೆ ಕೊಂಡವನ ಕೈ ಕಟ್ಟಿದವನು ತನ್ನ ಕೈಗೆ ಕೆಲಸ ಕೊಡಲು ದಿನವನ್ನು ಗೊತ್ತುಪಡಿಸಬೇಕಲ್ಲವೇ? ಬೇರೆಡೆಗೆ ಹೋಗಬೇಡ, ನಾನು ಯಾವಾಗ ಮಾಡಿಕೊಡುವೆನೆಂದು ಕೇಳಲೂ ಬೇಡ ಎಂಬುದು ಕರಾರಲ್ಲ, ಅಪ್ಪಣೆ. ಕೆಲವು ಸ್ವಿಸ್ ಮನೆತನಗಳು ಖಾತರಿಯನ್ನು ಐದು ವರ್ಷಗಳಿಗೆ ಏರಿಸಿವೆ. ಅದನ್ನು ಔದಾರ್ಯವೆಂದು ನಾವು ಕೊಂಡಾಡುತ್ತೇವೆ. ಆದರೆ ಐದು ವರ್ಷಗಳ ಖಾತರಿ ಎಂದರೆ ಐದು ವರ್ಷಗಳ ಕಾಲ ಬೇರೆಡೆಗೆ ಹೋಗದ ಕಟ್ಟೂ ಹೌದೆಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ಕಾಯಿದೆ ಏನು ಹೇಳುತ್ತದೆ? ೧೮೭೨ರ ಭಾರತೀಯ ಕರಾರು ಕಾಯಿದೆಯ ೪೬ನೆಯ ಕಲಮಿನ ಪ್ರಕಾರ, ನೆರವೇರಿಸುವ ಕಾಲವನ್ನು ಗೊತ್ತುಪಡಿಸದ ಕರಾರನ್ನು 'ಯುಕ್ತವಾದ ಕಾಲ'ದೊಳಗೆ ನೆರವೇರಿಸಬೇಕು. ಯುಕ್ತವಾದ ಕಾಲ ಯಾವುದೆಂಬುದು ಆಯಾ ಪ್ರಸಂಗದ ಸಂಗತಿಗಳಿಂದ ತೀರ್ಮಾನವಾಗಬೇಕು. ಇದು ಒಳ್ಳೆಯ ತತ್ತ್ವ. ಆದರೆ ತೀರ್ಮಾನ ಬೇಕೆಂದವನು ನ್ಯಾಯಾಲಯದ ಮೆಟ್ಟಿಲೇರಬೇಕು. ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಸ್ಥಾನದಲ್ಲಿ ಬಂದು ೨೦೨೦ನೆಯ ಜುಲೈಯಿಂದ ಜಾರಿಯಲ್ಲಿರುವ ೨೦೧೯ರ ಕಾಯಿದೆ ಇನ್ನೂ ಮುಂದೆ ಹೋಗಿದೆ. ನೆರವೇರುವ ಸಂಭವವೇ ಇಲ್ಲದ ಖಾತರಿಯನ್ನಾಗಲಿ ರಿಪೇರಿಯ ವಾಗ್ದಾನವನ್ನಾಗಲಿ ಸಾರ್ವಜನಿಕರಿಗೆ ಕೊಡುವುದು ಅದರ ೨ನೆಯ ಕಲಮಿನ ೪೭ನೆಯ ಉಪಕಲಮಿನಂತೆ ಅನುಚಿತ ವ್ಯಾಪಾರ ಪದ್ಧತಿ. ದೋಷವುಳ್ಳ ಸರಕನ್ನು ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದನ್ನೂ ಅದೇ ಉಪಕಲಮು ಹಿಡಿಯುತ್ತದೆ. ರಸೀದಿಯಲ್ಲಿ ಅವಧಿ ಹೇಳದಿದ್ದಲ್ಲಿ ಮೂವತ್ತು ದಿನಗಳೆಂದು ಕಾಯಿದೆಯೇ ಲೆಕ್ಕ ಹಾಕಿಕೊಟ್ಟಿದೆ. ಹಣ ಮರಳಿಸುವುದಕ್ಕೆ ಮೂವತ್ತು ದಿನಗಳ ಎಣಿಕೆ ಹೊಳೆದ ಶಾಸನಕರ್ತರಿಗೆ ರಿಪೇರಿ ಮಾಡಿಕೊಡುವುದಕ್ಕೂ ಒಂದು ಎಣಿಕೆ ಹೊಳೆಯಲಿಲ್ಲ. ಇದೇ ಕಾಯಿದೆಯಲ್ಲಿರುವ ಕಿಂಡಿ.

ದೂರು ಕೊಡುವುದು ಸುಲಭವೆಂದು ಹೇಳುವರು. ಐದು ಲಕ್ಷ ರೂಪಾಯಿಗಳವರೆಗಿನ ವಸ್ತುವಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಎದುರು ಪಕ್ಷಕ್ಕೆ ನೋಟೀಸು ಮುಟ್ಟಿದ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದ ವಸ್ತುವಾದರೆ ಐದು ತಿಂಗಳಲ್ಲಿ, ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಎಲ್ಲವೂ ದಿಟ. ಆದರೆ ಎರಡು ತಿಂಗಳ ವಿಳಂಬದ ಮೇಲಿನ ದೂರಿಗೆ ಐದು ತಿಂಗಳು ಕಾಯುವುದಾದರೆ ಅದು ಉಪಶಮನವೋ ಇನ್ನೊಂದು ವ್ಯಾಧಿಯೋ ವಾಚಕರೇ ಹೇಳಬೇಕು. ಕರಾರಿನ ಷರತ್ತೇ ಅನ್ಯಾಯವೆಂದು ಸಾಧಿಸಲು ಹೊರಟರಂತೂ ಜಿಲ್ಲಾ ಆಯೋಗಕ್ಕೆ ಅಧಿಕಾರವೇ ಇಲ್ಲ. ರಾಜ್ಯ ಆಯೋಗಕ್ಕೆ ಹೋಗಬೇಕು. ಮೂರು ಸಾವಿರ ರೂಪಾಯಿಯ ಗಡಿಯಾರಕ್ಕಾಗಿ ಬೀದರಿನವನೊಬ್ಬನು ಅಷ್ಟು ದೂರ ವ್ಯವಹರಿಸುವನೇ? ದೇವರು ವರ ಕೊಟ್ಟರೂ ಪೂಜಾರಿ ವರ ಕೊಡನೆಂಬ ಗಾದೆ ಸುಮ್ಮನೆ ಹುಟ್ಟಲಿಲ್ಲ.

ಬೇರೆ ನಾಡುಗಳಲ್ಲಿ ಈ ಕಿಂಡಿಯನ್ನು ಮುಚ್ಚಲು ಯತ್ನಿಸಿದ್ದಾರೆ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದಲ್ಲಿ ೧೯೭೦ರಲ್ಲಿಯೇ ಆದ ಖಾತರಿ ಕಾಯಿದೆಯಂತೆ, ಕೊಂಡವನು ಬರಹದಲ್ಲಿ ಬೇರೆ ಒಪ್ಪಿಗೆ ಕೊಟ್ಟಿದ್ದ ಹೊರತು, ಖಾತರಿಯ ರಿಪೇರಿ ಮೂವತ್ತು ದಿನಗಳೊಳಗೆ ಮುಗಿಯಬೇಕು. ತಯಾರಕನ ಕೈಮೀರಿದ ಕಾರಣವಿದ್ದರೆ ಅವಧಿ ಬೆಳೆಯುವುದು. ಆ ಕಾರಣ ತೀರಿದೊಡನೆ ವಸ್ತುವನ್ನು ಒಪ್ಪಿಸಬೇಕು. ಇದಕ್ಕಿಂತ ಮಿಗಿಲಾದುದು ಅಲ್ಲಿಯ ಇನ್ನೊಂದು ನಿಯಮ. ವಸ್ತು ರಿಪೇರಿಯಲ್ಲಿರುವಷ್ಟು ಕಾಲ ಖಾತರಿಯ ಗಡಿಯಾರವೂ ನಿಂತಿರುತ್ತದೆ. ಇಂಗ್ಲೆಂಡಿನ ೨೦೧೫ರ ಕಾಯಿದೆ ದಿನವನ್ನು ಹೇಳದೆ, ಯುಕ್ತವಾದ ಕಾಲದಲ್ಲಿ, ಕೊಂಡವನಿಗೆ ಹೆಚ್ಚಿನ ತೊಂದರೆಯಾಗದಂತೆ ಎಂದು ಮಾತ್ರ ವಿಧಿಸಿದೆ. ಆದರೆ ಒಂದು ರಿಪೇರಿಯಿಂದ ಸರಿಹೋಗದಿದ್ದರೆ ಸರಕನ್ನು ತಿರಸ್ಕರಿಸುವ ಹಕ್ಕನ್ನು ಕೊಟ್ಟಿದೆ. ಯೂರೋಪಿನ ಒಕ್ಕೂಟದವರು ೨೦೨೪ರಲ್ಲಿ ಮಾಡಿದ ರಿಪೇರಿ ಹಕ್ಕಿನ ನಿರ್ದೇಶವನ್ನು ಸದಸ್ಯ ರಾಷ್ಟ್ರಗಳು ೨೦೨೬ನೆಯ ಜುಲೈ ೩೧ರಿಂದ ಅನ್ವಯಿಸಬೇಕೆಂದು ಗೊತ್ತುಮಾಡಲಾಗಿದೆ. ಮಾರಿದವನು ಹೊಣೆಯಾಗಿರುವ ಅವಧಿಯಲ್ಲಿ ಹೊಸ ವಸ್ತುವಿನ ಬದಲು ರಿಪೇರಿಯನ್ನು ಆರಿಸಿಕೊಂಡವನಿಗೆ ಆ ಹೊಣೆಯ ಅವಧಿ ಇನ್ನೊಂದು ವರ್ಷ ಬೆಳೆಯುವುದು.

ನಮ್ಮಲ್ಲಿ ದಾರಿಯೇ ಇಲ್ಲವೆಂದಲ್ಲ. ಹದಿನಾಲ್ಕು ಮೋಟಾರು ಕಂಪೆನಿಗಳ ಪ್ರಕರಣದಲ್ಲಿ ಭಾರತದ ಸ್ಪರ್ಧಾ ಆಯೋಗವು ೨೦೧೪ನೆಯ ಆಗಸ್ಟಿನಲ್ಲಿ ಇತ್ತ ಆಜ್ಞೆ ಓದತಕ್ಕದ್ದು. ಸುಮಾರು ೨,೫೦೦ ಕೋಟಿ ರೂಪಾಯಿಗಳ ದಂಡದ ಮೊತ್ತ ಆಗ ಎಲ್ಲರ ಕಣ್ಣು ಕುಕ್ಕಿತು. ಮುಂದೆ ಅದು ಮೇಲ್ಮನವಿಗಳ ಕಾಡಿಗೆ ಹೋಯಿತು. ನಮಗೆ ಬೇಕಾದುದು ಅದರೊಳಗಿನ ತತ್ತ್ವ. ಬಿಡಿಭಾಗಗಳು ಮುಕ್ತ ಪೇಟೆಯಲ್ಲಿ ದೊರೆಯಬೇಕು. ಸ್ವತಂತ್ರ ರಿಪೇರಿಗಾರನ ಬಳಿಗೆ ಹೋದ ಮಾತ್ರಕ್ಕೆ ಖಾತರಿಯನ್ನು ಸಾರಾಸಗಟಾಗಿ ರದ್ದುಮಾಡಕೂಡದು. ಅವನ ಕೆಲಸದ ದೋಷದಿಂದ ಆದ ಹಾನಿಯ ಮಟ್ಟಿಗೆ ಮಾತ್ರ ರದ್ದುಮಾಡಬಹುದು ಎಂದು ಆಯೋಗ ವಿಧಿಸಿತು. ಮೋಟಾರಿಗೆ ನ್ಯಾಯವಾದುದು ಮಣಿಕಟ್ಟಿನ ಯಂತ್ರಕ್ಕೆ ಹೇಗೆ ಅನ್ಯಾಯವಾಗುವುದು? ಹೀಗಿದ್ದರೂ ೨೦೨೨ನೆಯ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆಯವರು ರಿಪೇರಿ ಹಕ್ಕಿನ ಬಗ್ಗೆ ಸಮಿತಿಯನ್ನು ನೇಮಿಸಿದಾಗ ಕೃಷಿ ಸಲಕರಣೆ, ಮೊಬೈಲು, ಗೃಹೋಪಯೋಗಿ ಯಂತ್ರ, ಮೋಟಾರು ಎಂದು ನಾಲ್ಕು ವರ್ಗಗಳನ್ನು ಹೆಸರಿಸಿದರು. ಟ್ರಾಕ್ಟರಿಗೆ ಆದ್ಯತೆ ಕೊಟ್ಟುದು ಯೋಗ್ಯವೇ. ಬಿತ್ತನೆಯ ಕಾಲದಲ್ಲಿ ನಿಂತ ಟ್ರಾಕ್ಟರಿನ ಎದುರು ನಿಂತ ಗಡಿಯಾರ ಏನೂ ಅಲ್ಲ. ಆದರೆ ಪಟ್ಟಿ ಅಲ್ಲಿಗೇ ನಿಲ್ಲಬಾರದು.

ಕಾಯಿದೆಯಲ್ಲಿಯೋ ಅದರ ಕೆಳಗಿನ ನಿಯಮಗಳಲ್ಲಿಯೋ ಖಾತರಿಯ ರಿಪೇರಿಗೆ ಮೂವತ್ತು ದಿನಗಳ ಗಡುವನ್ನು ಬರೆಯಬೇಕೆಂಬುದು ನಮ್ಮ ಅಭಿಪ್ರಾಯ. ಗಡುವು ಮೀರಿದರೆ ಬದಲಿ ಗಡಿಯಾರವನ್ನೋ ಹಣವನ್ನೋ ಕೇಳುವ ಹಕ್ಕು ತಾನಾಗಿಯೇ ಹುಟ್ಟಬೇಕು. ಅದು ಆಗುವವರೆಗೂ, ರಿಪೇರಿಯಲ್ಲಿ ಕಳೆದ ದಿನಗಳನ್ನು ಖಾತರಿಗೆ ಕೂಡಿಸುವ ನಿಯಮವನ್ನಾದರೂ ತಡವಿಲ್ಲದೆ ತರಬಹುದು. ಅದರಿಂದ ಯಾವ ತಯಾರಕನಿಗೂ ಪೈಸೆ ನಷ್ಟವಿಲ್ಲ, ಚುರುಕಾಗಿ ಕೆಲಸ ಮಾಡುವವನಿಗೆ ಹೊರೆಯೂ ಇಲ್ಲ. ಗಂಟೆ ಬಾರಿಸುವ, ಚಂದ್ರನ ಕಲೆ ತೋರಿಸುವ ಜಟಿಲ ಗಡಿಯಾರಗಳಿಗೆ ಮೂವತ್ತು ದಿನ ಸಾಲದೆಂಬ ಆಕ್ಷೇಪಣೆಯನ್ನು ಒಪ್ಪುತ್ತೇವೆ. ಮಾರುವಾಗಲೇ ಆ ಮಾತನ್ನು ಬರೆದು ಕೊಂಡವನ ಸಹಿ ಪಡೆಯಲಿ. ಬೆಲೆ ಏರೀತೆಂಬ ಇನ್ನೊಂದು ಆಕ್ಷೇಪಣೆಗೆ ನಾವು ಅಷ್ಟು ಬೆಲೆ ಕೊಡಲಾರೆವು. ಖಾತರಿಯ ವೆಚ್ಚವನ್ನು ಈಗಲೂ ಬೆಲೆಯಲ್ಲಿಯೇ ಸೇರಿಸಿ ವಸೂಲು ಮಾಡಲಾಗುತ್ತಿದೆ. ಸಣ್ಣ ಊರಿನ ಅಂಗಡಿಯವನನ್ನು ಮಾತ್ರ ಇದರಲ್ಲಿ ಬಲಿಕೊಡಬಾರದು. ಬಿಡಿಭಾಗ ಕಳುಹಿಸದ ಕಂಪೆನಿಯ ಬೈಗುಳನ್ನು ಗಿರಾಕಿಯಿಂದ ತಿನ್ನುವವನು ಅವನೇ. ಹೊಣೆ ತಯಾರಕನ ಮೇಲೆ, ವಿದೇಶದ ಸರಕಾದರೆ ಆಮದುದಾರನ ಮೇಲೆ ಬೀಳಬೇಕು.

ಕಾಯಿದೆ ಬರುವವರೆಗೆ ವಾಚಕರು ಮಾಡಬಹುದಾದುದು ಸ್ವಲ್ಪವುಂಟು. ಗಡಿಯಾರವನ್ನು ಒಪ್ಪಿಸುವಾಗ ಬಾಯಿಮಾತನ್ನು ನಂಬದೆ ರಸೀದಿ ಪಡೆಯಬೇಕು. ಅದರಲ್ಲಿ ಒಪ್ಪಿಸಿದ ತಾರೀಖು, ಹೇಳಿದ ದೋಷ, ಗಡಿಯಾರದ ಬೆನ್ನಿನ ಮೇಲಿರುವ ಸಂಖ್ಯೆ, ಹಿಂದಿರುಗಿಸುವ ದಿನ ಇಷ್ಟನ್ನೂ ಬರೆಯಿಸಬೇಕು. ದಿನ ಬರೆಯಲು ಒಪ್ಪದಿದ್ದರೆ 'ದಿನ ಹೇಳಿಲ್ಲ' ಎಂದಾದರೂ ಬರೆಯಿಸಬಹುದು. ಆಯೋಗದ ಮುಂದೆ ಅದೂ ಒಂದು ಸಾಕ್ಷ್ಯ. ಹೇಳಿದ ದಿನ ಮೀರಿದೊಡನೆ ಅಂಗಡಿಗೆ ಅಲೆಯುವುದನ್ನು ಬಿಟ್ಟು ಕಂಪೆನಿಗೆ ಬರಹದಲ್ಲಿ ತಿಳಿಸಬೇಕು. ಉತ್ತರ ಬಾರದಿದ್ದರೆ ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿಯ ೧೯೧೫ ಸಂಖ್ಯೆಗೆ ಕರೆ ಮಾಡಿ ದೂರನ್ನು ದಾಖಲಿಸಬೇಕು. ಜಿಲ್ಲಾ ಆಯೋಗಕ್ಕೆ ಹೋಗುವ ಅವಧಿ ಕಾರಣ ಹುಟ್ಟಿದಂದಿನಿಂದ ಎರಡು ವರ್ಷ. ಆ ಎರಡು ವರ್ಷಗಳ ಗಡಿಯಾರ ಯಾರ ರಿಪೇರಿಗಾಗಿಯೂ ನಿಲ್ಲುವುದಿಲ್ಲ.